ಡ್ರಾಫ್ಟ್‌ಗೆ ಹಿಂದಿರುಗಿದ ಬರಹ

ವಿದ್ಯಾರಣ್ಯಪುರದ ನಮ್ಮ ಬಡಾವಣೆಯ ಸಂಘಕ್ಕೆ ವೆಬ್‌ಸೈಟ್ ಆದಾಗ ಕನ್ನಡ ಟೈಪಿಂಗ್ ಬರುತ್ತಿದ್ದವಳು ನಾನೊಬ್ಬಳೇ. ಹಾಗಾಗಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆದರೆ ಪ್ರಕಟಿಸುವ ಅಧಿಕಾರ ಸಂಘದ ಕಾರ್ಯದರ್ಶಿಗಳದು. ಅವರು ನಿವೃತ್ತ ಹೆಡ್‌ಮಾಸ್ಟರು. ನಾನು ಬರೆದು ಉಳಿಸಿದ್ದು ಡ್ರಾಫ್ಟ್. ಅವರಿಗೆ ಕಳಿಸಿದರೆ ಪೆಂಡಿಂಗ್. ಅವರು ಒಪ್ಪಿ ಪಬ್ಲಿಷ್ ಒತ್ತಿದ ಮೇಲೆಯೇ ಊರಿಗೆಲ್ಲ ಕಾಣುತ್ತಿತ್ತು. ಒಂದು ಒತ್ತಕ್ಷರ ತಪ್ಪಿದ್ದರೂ ಫೋನ್ ಮಾಡಿ ತಿದ್ದಿಸುತ್ತಿದ್ದರು.

ವರ್ಷ ಕಳೆದ ಮೇಲೆ ಅವರೇ ಹೇಳಿದರು: "ಇನ್ ನನ್ನ ಕಾಯ್ಬೇಡ ಕಣಮ್ಮ, ನೀನೇ ಪಬ್ಲಿಷ್ ಮಾಡು." ಅಂದಿನಿಂದ ಯಾರ ಬರಹವನ್ನಾದರೂ ಹಾಕುವ, ತೆಗೆಯುವ ಅಧಿಕಾರ ನನಗೂ ಸಿಕ್ಕಿತು.

ಒಂದು ಬೇಸಿಗೆಯಲ್ಲಿ ನಮ್ಮ ರಸ್ತೆಯ ನಲ್ಲಿಗಳಲ್ಲಿ ವಾಸನೆ ನೀರು ಬಂತು. ಮೂಲೆ ಮನೆಯವರು ಆಗ ಮಹಡಿ ಕಟ್ಟಿಸುತ್ತಿದ್ದರು. ಅವರೇ ಪೈಪ್ ಒಡೆದಿದ್ದಾರೆಂದು ಹೆಡ್‌ಮಾಸ್ಟರು ಸಿಟ್ಟಿನಲ್ಲಿ ಬರೆದು, ಮನೆ ನಂಬರಿನ ಸಮೇತ ಪಬ್ಲಿಷ್ ಮಾಡಿಬಿಟ್ಟರು. ಬೆಳಿಗ್ಗೆ ತಿಂಡಿಗೆ ಮುಂಚೆ ಅದು ನನ್ನ ಕಣ್ಣಿಗೆ ಬಿತ್ತು. ಪೈಪನ್ನು ಯಾರೂ ಅಗೆದು ನೋಡಿರಲಿಲ್ಲ. ಪಬ್ಲಿಷ್ ಇದ್ದದ್ದನ್ನು ಡ್ರಾಫ್ಟ್‌ಗೆ ಬದಲಾಯಿಸಿದೆ. ಅವರ ಒಂದಕ್ಷರವೂ ಅಳಿಯಲಿಲ್ಲ, ಹೊರಗಿನವರಿಗೆ ಕಾಣುವುದು ಮಾತ್ರ ನಿಂತಿತು. ತಕ್ಷಣ ಅವರಿಗೆ ಫೋನ್ ಮಾಡಿದೆ.

"ಸರ್, ನೀವು ಬರ್ದಿದ್ದನ್ನ ಡ್ರಾಫ್ಟ್‌ಗೆ ಹಾಕಿದೀನಿ."

"ಯಾರನ್ನ ಕೇಳಿ ಹಾಕ್ದೆ?"

"ಯಾರನ್ನೂ ಕೇಳಿಲ್ಲ ಸರ್. ಅವ್ರು ಪೈಪ್ ಒಡೆದಿದ್ದನ್ನ ನೀವು ನೋಡಿದ್ರಾ?"

ಅವರು ಫೋನ್ ಇಟ್ಟುಬಿಟ್ಟರು.

ಎರಡು ದಿನ ಅವರು ವಾಕಿಂಗ್‌ನಲ್ಲಿ ನನ್ನನ್ನು ನೋಡಿಯೂ ನೋಡದವರಂತೆ ಹೋದರು. ಮೂರನೆಯ ದಿನ ರಿಪೇರಿಯವರು ಬಂದು ರಸ್ತೆ ಅಗೆದರು. ಮೂಲೆ ಮನೆಯಿಂದ ಬಹಳ ದೂರದಲ್ಲಿ, ಹಳೆಯ ಕಬ್ಬಿಣದ ಪೈಪು ತುಕ್ಕು ಹಿಡಿದು ತೂತಾಗಿತ್ತು.

ಸಂಜೆ ಹೆಡ್‌ಮಾಸ್ಟರು ನಮ್ಮ ಗೇಟಿನ ಹತ್ತಿರ ಬಂದರು. ಒಳಗೆ ಬನ್ನಿ ಎಂದರೂ ಬರಲಿಲ್ಲ.

"ಅದನ್ನ ಟ್ರ್ಯಾಶ್‌ಗೆ ಹಾಕ್ಬಿಡಮ್ಮ," ಎಂದರು. "ನಲವತ್ತು ವರ್ಷ ಬೇರೆಯವ್ರ ತಪ್ಪು ತಿದ್ದಿದೀನಿ. ನನ್ನದನ್ನ ತಿದ್ದಿದವಳು ನೀನೇ," ಎಂದರು. ಅವರ ದನಿಯಲ್ಲಿ ಬೇಸರವಿರಲಿಲ್ಲ.

ಆಮೇಲೆ ಮೂಲೆ ಮನೆಗೆ ಅವರೇ ನಡೆದು ಹೋಗುವುದನ್ನು ನಾನು ಗೇಟು ಹಿಡಿದು ನೋಡುತ್ತಾ ನಿಂತೆ. ಪಿಯುಸಿಗೇ ಓದು ನಿಲ್ಲಿಸಿದವಳು ನಾನು. ಆ ಸಂಜೆಯಷ್ಟು ಹೆಮ್ಮೆ ನನ್ನ ಬಗ್ಗೆ ನನಗೆ ಎಂದೂ ಆಗಿರಲಿಲ್ಲ.