ಯಾಸಾ ಬೈಯದ ಸೋಮವಾರ

ಮಾಲಿ ದೇಶದ ನಮ್ಮ ಜೆನ್ನೆ ಊರಿಗೆ ಬಂದ ಪ್ರವಾಸಿಗರು ಮಣ್ಣಿನ ಮಸೀದಿ ಕಂಡು ಬೆರಗಾಗುತ್ತಾರೆ, ಅದರ ಮುಂದಿನ ಸೋಮವಾರದ ಸಂತೆಯಲ್ಲಿ ಯಾಸಾಳ ಬಾಯಿ ಕೇಳಿ ಬೆಚ್ಚಿಬೀಳುತ್ತಿದ್ದರು. ಒಣ ಈರುಳ್ಳಿ ಉಂಡೆಗಳ ರಾಶಿಯ ಹಿಂದೆ ಕೂತ ಬೆಟ್ಟದ ಸೀಮೆಯ ದೊಗೊನ್ ಕುಲದ ಈ ಮುದುಕಿ, ಎದುರಿಗೆ ಹೊಗೆಮೀನು ಮಾರುತ್ತಿದ್ದ ಬೋಜೋ ಕುಲದ ಬೆಸ್ತ ಬಾಮೊಯ್ ಬುಟ್ಟಿ ಇಳಿಸುವುದೇ ತಡ, "ಬಂದ್ಯಾ, ಕಪ್ಪೆ ಮುಕ್ಕೋನೆ! ನಿನ್ನ ನಾತಕ್ಕೆ ನನ್ನ ಈರುಳ್ಳೀನೇ ಅಳ್ತಾ ಇದೆ!" ಎಂದು ಶುರುಮಾಡುತ್ತಿದ್ದಳು. "ಬಂಡೆ ಸಂದೀಲಿ ಹುಟ್ಟಿದ ಹಲ್ಲಿ, ಮುಚ್ಚೇ ಬಾಯಿ!" ಎಂದು ಅವನು. ಕ್ಯಾಮೆರಾ ಹಿಡಿದ ಪರದೇಶದ ಹೆಂಗಸೊಬ್ಬಳು ಜಗಳ ಬಿಡಿಸಲು ನುಗ್ಗಿ, ಇಬ್ಬರಿಂದಲೂ ಬೈಸಿಕೊಂಡದ್ದುಂಟು. ದೊಗೊನರಿಗೂ ಬೋಜೋಗಳಿಗೂ ಅಜ್ಜಂದಿರ ಕಾಲದ ನಂಟು. ಬೈದರೆ ನೆಂಟರು, ಮರ್ಯಾದೆ ಕೊಟ್ಟರೆ ಮುನಿಸು ಅಂತ ಅರ್ಥ. ನೆಂಟ ಸತ್ತರೆ ಅವನ ವೇಷ ಹಾಕಿ ಮನೆಯವರನ್ನು ನಗಿಸುವುದೂ ಬೈದವರದ್ದೇ ಕೆಲಸ. ಬಾಮೊಯ್ ಸತ್ತ ದಿನ ಕೂಡ ಯಾಸಾ ಅವನ ಟೋಪಿ ಹಾಕಿಕೊಂಡು, ಅವನ ಹಾಗೇ ಕುಂಟುತ್ತಾ ಅಂಗಳಕ್ಕೆ ನುಗ್ಗಿ, "ಸತ್ತಿಲ್ಲ ಈ ಸೋಮಾರಿ, ಬಲೆ ಎಳೆಯೋಕೆ ಬೇಜಾರಾಗಿ ಮಲಗಿದ್ದಾನೆ, ನೀರು ಹುಯ್ದು ಎಬ್ಬಿಸ್ರೋ!" ಎಂದು ಕೂಗಿದಳು, ಹೆಣದ ಪಕ್ಕ ಅಳುತ್ತಿದ್ದ ಹೆಂಡತಿಯೇ ನಕ್ಕುಬಿಟ್ಟಳು. ಅದಕ್ಕೆ ನಾವ್ಯಾರೂ ಬೆಚ್ಚಲಿಲ್ಲ. ಬೆಚ್ಚಿದ್ದು ಮುಂದಿನ ಸೋಮವಾರ. ಬಾಮೊಯ್‌ನ ಜಾಗದಲ್ಲಿ ಅವನ ತಮ್ಮ ಸೇಕು ಬುಟ್ಟಿ ಇಳಿಸಿದಾಗ ಯಾಸಾ ಮೆತ್ತಗೆ, "ಚೆನ್ನಾಗಿದ್ದೀಯೇನಪ್ಪಾ? ಮನೇಲಿ ಎಲ್ಲ ಕ್ಷೇಮವಾ?" ಅಂದಳು. ಇಡೀ ಸಾಲು ತಕ್ಕಡಿ ಕೆಳಗಿಟ್ಟಿತು. ಸೇಕುವಿನ ಕೈಯಿಂದ ಮೀನು ಜಾರಿತು. "ನಾನೇನು ತಪ್ಪು ಮಾಡ್ದೆ ಅಜ್ಜಿ? ಅಣ್ಣನ ಜೊತೆ ನಂಟೂ ಸತ್ತೋಯ್ತಾ? ಬೈಯಿ!" ಎಂದು ಗೋಗರೆದ. ಅವಳು ಅವನನ್ನೇ ನೋಡುತ್ತಾ, "ಬೈದ್ರೆ ನೀನೂ ನೆಂಟ ಆಗ್ಬಿಡ್ತೀಯ ಕಣೋ. ಇನ್ನೊಬ್ಬನ ಟೋಪಿ ಹಾಕ್ಕೊಂಡು ಕುಂಟೋ ಶಕ್ತಿ ನನಗಿಲ್ಲ" ಅಂದಳು.