ನೀರಿನ ಹಿಂದೆ ಹೋದ ವಾಸಣ್ಣ

ವಾಸಣ್ಣನನ್ನು ನಾನು ಮೊದಲು ಕಂಡಾಗ ಅವರು ಉರಿಬಿಸಿಲಲ್ಲಿ ಕುಡಿಯುವ ನೀರಿನ ಬಾಟಲಿಯನ್ನು ಮಣ್ಣಿಗೆ ಸುರಿದು, ಹರಿದ ನೀರಿನ ಹಿಂದೆಯೇ ತಲೆ ತಗ್ಗಿಸಿ ನಡೆಯುತ್ತಿದ್ದರು. ಹೆಲ್ಮೆಟ್ ಇದ್ದರೂ ಬಿಸಿಲು ತಲೆಯೊಳಗೆ ಹೋಗಿರಬೇಕು ಎಂದುಕೊಂಡೆ. ನೀರು ಸ್ವಲ್ಪ ದೂರ ಹೋಗಿ ಇಂಗಿತು. ಅವರು ಅಲ್ಲಿ ಒಂದು ಕಲ್ಲಿಟ್ಟು ಇನ್ನೊಂದು ಬಾಟಲಿ ತೆರೆದರು. ಮಳೆ ಎಂಬುದು ಚಳಿಗಾಲದಲ್ಲಿ ಬಂದು ಮುಖ ತೋರಿಸಿ ಹೋಗುವ ಕತಾರಿನಲ್ಲಿ, ಮಳೆನೀರು ಎತ್ತ ಹೋದೀತು ಎಂದು ನೋಡಲು ನಮ್ಮ ಕಂಪನಿ ಸಂಬಳ ಕೊಟ್ಟು ಇಟ್ಟುಕೊಂಡ ಮನುಷ್ಯ ಇವರೇ ಎಂದು ಆಮೇಲೆ ತಿಳಿಯಿತು.

ಮೂಲ್ಕಿ ಕಡೆಯವರು. ಹುದ್ದೆಯ ಹೆಸರು ಪರ್ಮಿಟ್ ಕೋಆರ್ಡಿನೇಟರ್. ಅಂದರೆ ಏನು ತಪ್ಪಾದರೂ ಬೈಸಿಕೊಳ್ಳುವ ಅಧಿಕಾರ ಪೂರ್ತಿ ಇವರದು, ಬೇರೆ ಯಾವ ಅಧಿಕಾರವೂ ಇಲ್ಲ. ಯಾರು ಏನು ಹೇಳಿದರೂ ಇವರ ಪ್ರಶ್ನೆ ಒಂದೇ: "ಅದೆಲ್ಲ ಸರಿ ಮಾರಾಯ, ನೀರು ಎಲ್ಲಿಗೆ ಹೋಗ್ತದೆ?" ಒಮ್ಮೆ ಊಟಕ್ಕೆ ಮನೆಗೆ ಕರೆದಿದ್ದೆ. ನನ್ನ ಹೆಂಡತಿ ಬೆಳಗಿನಿಂದ ಮಸಾಲೆ ಹುರಿದು ಕೋಳಿಸಾರಿನ ಕೋರಿರೊಟ್ಟಿ ಮಾಡಿದ್ದಳು. ಇವರು ಕೈ ತೊಳೆಯಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಕೊನೆಗೆ ಬಂದು, ಬಚ್ಚಲಿನ ಇಳಿಜಾರು ಬಾಗಿಲ ಕಡೆಗಿದೆ ಎಂದು ತಿಳಿಸಿ, ಆರಿದ ಸಾರನ್ನು ಒಂದು ಮಾತೂ ಹೊಗಳದೆ ಉಂಡು ಹೋದರು. ಅವಳು ಅದನ್ನು ಇವತ್ತಿಗೂ ಮರೆತಿಲ್ಲ.

ಇನ್ನು ಅರ್ಜಿಯ ಕಥೆ. ದೊಡ್ಡ ಸೈಟಿನಲ್ಲಿ ಮಣ್ಣು ಅಗೆಯುವ ಮೊದಲು ಒಂದು ಅನುಮತಿ ಬೇಕು. ಸೈಟಿನಲ್ಲಿ ಬಿದ್ದ ಮಳೆನೀರು ಎಷ್ಟು, ಅದರ ಕೆಸರು ಎಲ್ಲಿ ತಂಗುತ್ತದೆ, ಕೊನೆಗೆ ಅದು ಸೇರುವುದು ಎಲ್ಲಿಗೆ ಎಂದು ಅರ್ಜಿಯಲ್ಲಿ ಬರೆಯಬೇಕು. ನಮ್ಮ ಕಂಪನಿಯಲ್ಲಿ ಇದಕ್ಕೊಂದು ಪವಿತ್ರ ಸಂಪ್ರದಾಯವಿತ್ತು: ಹಿಂದಿನ ಸೈಟಿನ ಅರ್ಜಿ ತೆರೆಯುವುದು, ಹೆಸರು ಬದಲಿಸುವುದು, ಕಳಿಸುವುದು. ಯಾವುದೋ ಕಾಲದಲ್ಲಿ ಮೆಸಯೀದಿನ ಕಡಲ ಪಕ್ಕ ಕೆಲಸ ಮಾಡಿದ್ದರಂತೆ. ಆಗ "ಸಮುದ್ರಕ್ಕೆ" ಎಂದು ಬರೆದದ್ದು ಪಿತ್ರಾರ್ಜಿತ ಆಸ್ತಿಯ ಹಾಗೆ ಇಳಿದು ಬಂದು, ಸುತ್ತ ಸಮುದ್ರವೇ ಕಾಣದ ನಮ್ಮ ಅಲ್ ಥುಮಾಮಾ ಸೈಟಿನ ಅರ್ಜಿಯಲ್ಲೂ ಕೂತಿತ್ತು. ವಾಸಣ್ಣ ಸೈನ್ ಹಾಕಲಿಲ್ಲ.

ನಮ್ಮ ಮ್ಯಾನೇಜರರು ಪುತ್ತೂರಿನವರು. ಸಮಯದ ಬೆಲೆ ಬಲ್ಲವರು, ಅದಕ್ಕೇ ಯಾವುದನ್ನೂ ಓದುತ್ತಿರಲಿಲ್ಲ. "ಯಾರು ನೋಡ್ತಾರೆ ವಾಸು ಅದನ್ನು? ಯಲ್ಲಾ, ಬೇಗ ಸೈನ್ ಹಾಕಿ ಖಲಾಸ್ ಮಾಡು," ಎಂದರು.

"ಅಲ್ ಥುಮಾಮಾಕ್ಕೆ ಸಮುದ್ರ ಯಾವಾಗ ಬಂತು ಸಾರ್?" ಎಂದು ವಾಸಣ್ಣ ಕೇಳಿದರು.

ಕೇಳಬಾರದ ಹೊತ್ತಿನಲ್ಲಿ ಕೇಳಿದರು. ಅವರ ಕಾಂಟ್ರಾಕ್ಟ್ ಮುಂದುವರಿಸುವ ಕಾಗದ ಅದೇ ಮ್ಯಾನೇಜರರ ಮೇಜಿನ ಮೇಲಿತ್ತು. ಕೆಲಸ ಹೋದರೆ ವೀಸಾ ಹೋಗುತ್ತದೆ, ಹೆಂಡತಿ ಮಗಳೂ ಗಂಟುಮೂಟೆ ಕಟ್ಟಬೇಕು. ಮಗಳು ಹನ್ನೆರಡನೇ ತರಗತಿ, ಪರೀಕ್ಷೆ ಹತ್ತಿರ ಬಂದಿತ್ತು. ಆ ಹುಡುಗಿಯ ಮುಖ ನೋಡಿಯಾದರೂ ಸೈನ್ ಹಾಕಿ ಎಂದು ಚಹಾದ ಹೊತ್ತಿನಲ್ಲಿ ನಾನು ಅಂಗಲಾಚಿದೆ. ತಾನು ಸೈನ್ ಹಾಕಿದರೆ ನೀರು ಸಮುದ್ರಕ್ಕೆ ಹೋಗುತ್ತದಾ ಎಂದು ಕೇಳಿದರು. ನೀರು ಹೋಗುವುದಿಲ್ಲ, ನೀವು ಊರಿಗೆ ಹೋಗುತ್ತೀರಿ ಎಂದೆ. ಅವರು ನಗಲಿಲ್ಲ, ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಹೆದರಿಕೆ ಇತ್ತು ಅವರಿಗೆ. ಹಟ ಮಾತ್ರ ಅದಕ್ಕಿಂತ ಒಂದು ತೂಕ ಜಾಸ್ತಿ.

ಮರುದಿನ ವಾಸಣ್ಣ ನೀರಿನ ಟ್ಯಾಂಕರ್ ತರಿಸಿ ಸೈಟಿನ ಎತ್ತರದ ಮೂಲೆಯಲ್ಲಿ ನಿಲ್ಲಿಸಿ ವಾಲ್ವ್ ಬಿಚ್ಚಿಸಿದರು. ಕೆಸರಾಗಿ ನೀರು ಹೊರಟಿತು, ಹಿಂದಿನಿಂದ ವಾಸಣ್ಣ, ಅವರ ಹಿಂದೆ ಕೆಲಸ ಬಿಟ್ಟು ನಾವೆಲ್ಲ. ನೀರು ಕಬ್ಬಿಣದ ರಾಶಿ ಬಳಸಿ, ಸಿಮೆಂಟಿನ ಶೆಡ್ ದಾಟಿ, ನೆರಳಿದೆ ಎಂದು ತಗ್ಗಿನಲ್ಲಿ ಇಡಿಸಿದ್ದ ಮ್ಯಾನೇಜರರ ಕ್ಯಾಬಿನ್ನಿನ ಮೆಟ್ಟಿಲ ಬುಡದಲ್ಲಿ ಶಾಂತವಾಗಿ ನಿಂತಿತು. ವಾಸಣ್ಣ ಕಚೇರಿಗೆ ಹೋಗಿ, ನೀರು ಕೊನೆಗೆ ಸೇರುವ ಸ್ಥಳ ಎಂಬಲ್ಲಿ "ಪ್ರಾಜೆಕ್ಟ್ ಮ್ಯಾನೇಜರರ ಕಚೇರಿ" ಎಂದು ಬರೆದು, ಸೈನ್ ಹಾಕಿ, ಮ್ಯಾನೇಜರರ ಮುಂದೆಯೇ ಇಟ್ಟರು.

"ತಮಾಷೆಯಾ ಇದು?"

"ಅಲ್ಲ ಸಾರ್. ನೀರು ಹೋದದ್ದನ್ನು ಬರೆದದ್ದು."

ಅದು ಮುಗ್ಧತೆಯೋ ಕುಚೋದ್ಯವೋ ನನಗೆ ಅವತ್ತು ತಿಳಿಯಲಿಲ್ಲ. ಮ್ಯಾನೇಜರರಿಗೆ ಚೆನ್ನಾಗಿ ತಿಳಿಯಿತು. ಕಾಂಟ್ರಾಕ್ಟ್ ಮುಂದುವರಿಯುವುದಿಲ್ಲ ಎಂಬ ಕಾಗದ ಸಂಜೆಯೊಳಗೆ ವಾಸಣ್ಣನ ಕೈ ಸೇರಿತು. ಹೊಸದಾಗಿ ಬಂದಿದ್ದ ಒಬ್ಬ ಜಾಣ ಸೈನ್ ಹಾಕಿ ಹಳೆಯ ಸಮುದ್ರವನ್ನೇ ಕಳಿಸಿದ.

ಯಾರೂ ನೋಡದ ಅರ್ಜಿಯನ್ನು ದುರದೃಷ್ಟಕ್ಕೆ ಸರಕಾರಿ ಕಚೇರಿಯಲ್ಲಿ ಯಾರೋ ನೋಡಿಬಿಟ್ಟರು. ಸದರಿ ಸಮುದ್ರವನ್ನು ನಕ್ಷೆಯಲ್ಲಿ ಗುರುತಿಸಿ ಕೊಡಿ ಎಂಬ ಸಾಲಿನೊಂದಿಗೆ ಅರ್ಜಿ ವಾಪಸು ಬಂತು. ಅಗೆಯುವ ಯಂತ್ರಗಳೆಲ್ಲ ಸುಮ್ಮನೆ ನಿಂತವು. ವಾಸಣ್ಣನಿಗೆ ಕರೆ ಹೋಯಿತು, ಈ ಸಲ "ವಾಸು" ಅಲ್ಲ, "ವಾಸಣ್ಣ" ಎಂದೇ. ಇವರ ಜಾಗದಲ್ಲಿ ನಾನಿದ್ದರೆ ಬಡ್ತಿ ಕೇಳುತ್ತಿದ್ದೆ. ಇವರು ಮಗಳ ಪರೀಕ್ಷೆ ಮುಗಿಯುವ ತನಕ ವೀಸಾ ಇರಲಿ ಎಂದರು, ಅಷ್ಟೇ. ಮ್ಯಾನೇಜರರು ಧಾರಾಳ ಮನಸ್ಸಿನವರು, ಅಷ್ಟನ್ನೇ ಕೊಟ್ಟರು. ಕೆಸರು ತಂಗುವ ಟ್ಯಾಂಕ್, ಅಲ್ಲಿಂದ ರಸ್ತೆಯ ಚರಂಡಿಗೆ ಪೈಪು, ಎಲ್ಲ ವಾಸಣ್ಣ ಬರೆದುಕೊಟ್ಟ ಹಾಗೆಯೇ ಅನುಮತಿ ಬಂತು, ಕೆಲಸವೂ ಆಯಿತು. ಹೆಡ್ ಆಫೀಸಿನ ಮೆಚ್ಚುಗೆಯ ಪತ್ರ ಯಾರ ಹೆಸರಿಗೆ ಬಂತೆಂದು ಬೇರೆ ಹೇಳಬೇಕಾಗಿಲ್ಲ.

ಪರೀಕ್ಷೆ ಮುಗಿದ ಮೇಲೆ ಅವರನ್ನು ಏರ್‌ಪೋರ್ಟಿಗೆ ಬಿಟ್ಟವನು ನಾನು. ದಾರಿಯಲ್ಲೇ ಸೈಟು. ಕಾರು ನಿಲ್ಲಿಸು ಎಂದರು. ನೀರಿನ ಬಾಟಲಿಯನ್ನು ಹೇಗೂ ವಿಮಾನದೊಳಗೆ ಬಿಡುವುದಿಲ್ಲ ಎನ್ನುತ್ತ ಇಳಿದು, ಟ್ಯಾಂಕಿನ ಮೇಲ್ಬದಿಯಲ್ಲಿ ಸುರಿದು, ಅದರ ಹಿಂದೆ ನಡೆದರು. ಕಾರಿನೊಳಗಿಂದ ಮಗಳು "ಪಪ್ಪಾ, ಫ್ಲೈಟ್" ಎಂದು ಕರೆಯುತ್ತಲೇ ಇದ್ದಳು. ಅವರು ಬಂದು ಕೂತು, ಇಳಿಜಾರು ಸರಿ ಉಂಟು ಎಂದರು.

ಮುಂದಿನ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಮಳೆ ಜೋರಾಗಿಯೇ ಹೊಡೆಯಿತು. ರಸ್ತೆಗಳಲ್ಲಿ ಕಾರುಗಳು ಅರ್ಧ ಮುಳುಗಿದವು. ನಮ್ಮ ಸೈಟಿನ ನೀರು ಮಾತ್ರ ಹೇಳಿದ ದಾರಿಯಲ್ಲೇ ಟ್ಯಾಂಕಿಗೆ ಹೋಯಿತು. ಮ್ಯಾನೇಜರರು ಕ್ಯಾಬಿನ್ನಿನ ಮೆಟ್ಟಿಲ ಮೇಲೆ ಒಣ ಬೂಟಿನಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ನಾನು ವೀಡಿಯೊ ಮಾಡಿ ಊರಿನಲ್ಲಿದ್ದ ವಾಸಣ್ಣನಿಗೆ ಕಳಿಸಿದೆ. ಕೂಡಲೇ ಫೋನ್ ಬಂತು. ಮಗಳು ಕಾಲೇಜಿಗೆ ಹೋಗುತ್ತಿದ್ದಾಳೆ ಎಂದರು. ಆಮೇಲೆ ವಿಷಯಕ್ಕೆ ಬಂದರು.

"ಕ್ಯಾಬಿನ್ ಒಳಗೆ ನೀರು ಹೋಗ್ಲಿಲ್ಲವಾ?"

"ಒಂದು ಹನಿಯೂ ಇಲ್ಲ ವಾಸಣ್ಣ."

"ಛೆ," ಎಂದರು.