ಹಮೀದ್ ಆಡದ ಫೈನಲ್

ಹಮೀದ್ ನಮ್ಮ ತಂಡವನ್ನು ಮಾರಿಕೊಂಡಿರಲಿಲ್ಲ. ಮಾರಿಕೊಂಡ ಎಂಬ ಮಾತನ್ನು ಹುಟ್ಟಿಸಿದವನು ನಾನು. ಆ ದಿನ ಮೈದಾನದ ಅಂಚಿನಲ್ಲಿ ನಿಂತು ನಾನಾಡಿದ್ದು ಎರಡೇ ಮಾತು. ಮೊದಲನೆಯದು ಸುಳ್ಳು, ಎರಡನೆಯದು ನಿಜ. ಆ ನಿಜವನ್ನು ಸುಳ್ಳಿಗೆ ಸಾಕ್ಷಿಯಾಗಿ ನಿಲ್ಲಿಸಿದೆನಲ್ಲ — ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಅಳುಕಿಲ್ಲದೆ ಬರೆಯುತ್ತಿದ್ದೇನೆ. ಅಳುಕಬೇಕಾಗಿದ್ದಾಗ ಅಳುಕಲಿಲ್ಲ, ಈಗ ಅಳುಕಿದರೆ ಅದೂ ಒಂದು ನಾಟಕವೇ.

ನಾನು ಸ್ಟ್ಯಾನಿ. ಊರು ಮಂಗಳೂರು. ಕುವೈತಿಗೆ ಬಂದು ಅರ್ಧ ಆಯುಷ್ಯವೇ ಕಳೆಯಿತು. ಸಾಲ್ಮಿಯಾದಲ್ಲಿ ಮನೆ, ಹೆಂಡತಿ ಲವೀನಾ ಆಸ್ಪತ್ರೆಯಲ್ಲಿ ನರ್ಸ್, ಮಗಳು ರಿಯಾ ಇಲ್ಲೇ ಹುಟ್ಟಿ ಬೆಳೆದವಳು. ಆದರೆ ನಮ್ಮ ಕಾಲೇಜಿನಲ್ಲಿ ಓದಿ ಇಲ್ಲಿಗೆ ಬಂದವರ ನಡುವೆ ನನ್ನ ಗುರುತು ಬೇರೆ. ಅವರಿಗೆ ನಾನು ‘ಕ್ಯಾಪ್ಟನ್’. ಅಂತರ ಕಾಲೇಜು ಫುಟ್‌ಬಾಲ್ ಕಪ್ಪನ್ನು ಗೆದ್ದು ತಂದ ಆ ಹಳೆಯ ತಂಡದ ನಾಯಕ, ಫೈನಲಿನ ಒಂದೇ ಗೋಲು ಹೊಡೆದವನು.

ನಮ್ಮ ಬಳಿಕ ಕಾಲೇಜು ಕಪ್ಪಿನ ಮುಖ ನೋಡಿರಲಿಲ್ಲ. ವರ್ಷ ವರ್ಷವೂ ಮೊದಲ ಸುತ್ತಿನಲ್ಲೇ ಸೋತು ಬರುವ ತಂಡದ ಸುದ್ದಿಯನ್ನು ಕೇಳುವುದನ್ನೇ ನಾವು ಬಿಟ್ಟಿದ್ದೆವು. ಈ ವರ್ಷ ಎಲ್ಲವೂ ಬದಲಾಯಿತು. ಹೊಸ ಕೋಚ್, ಹೊಸ ಹುಡುಗರು, ಗೆಲುವಿನ ಮೇಲೆ ಗೆಲುವು. ಪಂದ್ಯಗಳನ್ನು ಯಾರೋ ಮೊಬೈಲಿನಲ್ಲಿ ನೇರವಾಗಿ ತೋರಿಸತೊಡಗಿದರು. ಅಲ್ಲಿ ಸಂಜೆಯಾಗುವಾಗ ಇಲ್ಲಿ ಊಟದ ಹೊತ್ತು. ರಜೆಯ ದಿನ ಎಲ್ಲರೂ ನಮ್ಮ ಮನೆಯಲ್ಲಿ ಸೇರುವುದು, ದೊಡ್ಡ ಟಿವಿಗೆ ಮೊಬೈಲ್ ಜೋಡಿಸುವುದು, ಲವೀನಾ ಮಾಡಿದ ಸನ್ನ ಮತ್ತು ಕೋಳಿ ಸಾರು ಖಾಲಿಯಾಗುವವರೆಗೆ ವಾದ ಮಾಡುವುದು — ಅದೇ ನಮ್ಮ ಹಬ್ಬವಾಯಿತು.

ವಾದ ಯಾವಾಗಲೂ ಒಂದೇ. ಈಗಿನ ಹುಡುಗರು ದೊಡ್ಡವರೋ, ಅಂದಿನ ನಾವು ದೊಡ್ಡವರೋ?

“ಇವರಿಗೆ ಹುಲ್ಲಿನ ಮೈದಾನ ಉಂಟು, ಟ್ರೈನರ್ ಉಂಟು, ಕುಡೀಲಿಕ್ಕೆ ಪ್ರೋಟೀನ್ ಪುಡಿ ಉಂಟು,” ಎನ್ನುತ್ತಿದ್ದ ರೋನಿ. ಅವನು ನಮ್ಮ ತಂಡದ ಗೋಲ್‌ಕೀಪರ್ ಆಗಿದ್ದವನು. “ನಾವು ಜಲ್ಲಿಯಲ್ಲಿ ಬಿದ್ದು ಆಡಿದವರು ಮಾರಾಯ. ನನ್ನ ಮೊಣಕೈ ನೋಡು, ಇನ್ನೂ ಕಲೆ ಹೋಗ್ಲಿಲ್ಲ.”

“ಅಂಕಲ್, ನಿಮ್ಮ ಕಾಲದಲ್ಲಿ ಯಾರೂ ಪಾಸೇ ಕೊಡ್ತಿರ್ಲಿಲ್ಲಂತೆ. ಬರೀ ಒದೆಯುದು, ಓಡುದು,” ಎಂದು ಕಿಚಾಯಿಸುತ್ತಿದ್ದ ಅಕ್ಷಯ್. ಈಚೆಗಷ್ಟೇ ಅದೇ ಕಾಲೇಜಿನಿಂದ ಬಂದು ಇಲ್ಲಿನ ಬ್ಯಾಂಕಿನಲ್ಲಿ ಕೆಲಸಕ್ಕೆ ಸೇರಿದ್ದ. “ಈಗಿನ ಲೆಫ್ಟ್ ವಿಂಗಿನ ಹುಡುಗನನ್ನು ನೋಡಿ. ನಿಮ್ಮಲ್ಲಿ ಅಂಥವ ಯಾರಿದ್ರು?”

ಆಗ ರೋನಿಯ ಮುಖ ಕಪ್ಪಾಗುತ್ತಿತ್ತು. “ಇದ್ದ ಒಬ್ಬ. ಇವನಿಗಿಂತ ಜೋರು. ಆದ್ರೆ ಫೈನಲಿನ ದಿನ ನಮ್ಮನ್ನು ಮಾರಿ ಹೋದ.”

ಆ ಮಾತು ಬಂದಾಗಲೆಲ್ಲ ನಾನು ಏನಾದರೂ ತರಲು ಅಡುಗೆಮನೆಗೆ ಹೋಗುತ್ತಿದ್ದೆ.

ಇದ್ದವನು ಹಮೀದ್. ಎಡಗಡೆಯಿಂದ ಅವನು ಚೆಂಡು ಹಿಡಿದು ಹೊರಟರೆ ಮೈದಾನದ ಸುತ್ತ ಕುಳಿತವರೆಲ್ಲ ಎದ್ದು ನಿಲ್ಲುತ್ತಿದ್ದರು. ಆ ವರ್ಷ ನಾನು ಹೊಡೆದ ಗೋಲುಗಳಲ್ಲಿ ಹೆಚ್ಚಿನವು ಅವನು ತಂದು ನನ್ನ ಕಾಲಿಗೆ ಇಟ್ಟವು. ಗೋಲು ನನ್ನದು, ಜನ ಕೂಗುತ್ತಿದ್ದದ್ದು ಅವನ ಹೆಸರು. ನಾನು ಕ್ಯಾಪ್ಟನ್, ತೋಳಿಗೆ ಪಟ್ಟಿ ಕಟ್ಟಿಕೊಂಡವನು — ಆದರೂ ಅವನ ಹೆಸರು. ನನಗೆ ಅವನ ಮೇಲೆ ಬೇರೆ ದ್ವೇಷವೇನೂ ಇರಲಿಲ್ಲ. ಒಂದೇ ತಟ್ಟೆಯಲ್ಲಿ ತಿಂದವರು ನಾವು. ಒಂದು ಪಂದ್ಯ, ಕೊನೆಯ ಪಂದ್ಯ, ಅವನಿಲ್ಲದೆ... ಅಷ್ಟೇ ನನಗೆ ಬೇಕಾಗಿದ್ದದ್ದು. ಇದನ್ನು ಬೇರೆ ದೊಡ್ಡ ಕಾರಣದ ಹಿಂದೆ ಮುಚ್ಚಿಡಲು ಎಷ್ಟೋ ಸಲ ನೋಡಿದ್ದೇನೆ. ದೊಡ್ಡ ಕಾರಣ ಸಿಗಲಿಲ್ಲ.

ಫೈನಲಿನ ಹಿಂದಿನ ಸಂಜೆ ಅವನು ಹಾಸ್ಟೆಲಿನ ಮೆಟ್ಟಿಲ ಬಳಿ ನನ್ನನ್ನು ಹಿಡಿದು ನಿಲ್ಲಿಸಿದ. ಅವನ ತಾಯಿ ಆಸ್ಪತ್ರೆಯಲ್ಲಿದ್ದರು.

“ಸ್ಟ್ಯಾನಿ, ಉಮ್ಮನಿಗೆ ನಾಳೆಯೇ ಆಪರೇಷನ್ ಅಂತೆ. ಮನೇಲಿ ಗಂಡಸು ಅಂತ ನಾನೊಬ್ಬನೇ. ಡಾಕ್ಟರು ಹೊರಗೆ ಬಂದ ಕೂಡ್ಲೇ ಸೀದಾ ಗ್ರೌಂಡಿಗೆ ಬರ್ತೇನೆ. ಸ್ವಲ್ಪ ತಡ ಆದ್ರೆ ಸರ್‌ಗೆ ನೀನು ಹೇಳು. ಸೆಕೆಂಡ್ ಹಾಫಿಗೆ ಆದ್ರೂ ಇಳಿಸ್ಲಿ.”

“ಹೇಳ್ತೇನೆ, ನೀನು ಹೋಗು,” ಎಂದೆ. ಅವನ ನೆರೆಮನೆಯ ಹುಡುಗನೊಬ್ಬ ಬೈಕ್ ತಂದಿದ್ದ. ಆ ಹುಡುಗ ನಾವು ಮರುದಿನ ಎದುರಿಸಬೇಕಾಗಿದ್ದ ಕಾಲೇಜಿನವನು. ಇಬ್ಬರೂ ಬೈಕಿನಲ್ಲಿ ಹೋದದ್ದನ್ನು ನಾನು ಗೇಟಿನವರೆಗೂ ನೋಡಿದೆ.

ಮರುದಿನ ಆಟ ಶುರುವಾಗುವ ಮೊದಲು ಕೋಚ್ ಸರ್ ತಲೆ ಎಣಿಸಿದರು. “ಹಮೀದ್ ಎಲ್ಲಿ?”

“ಅವ ಬರುದಿಲ್ಲ ಸರ್,” ಎಂದೆ. “ನಿನ್ನೆ ಸಂಜೆ ಆ ಕಾಲೇಜಿನ ಹುಡುಗನ ಬೈಕಿನಲ್ಲಿ ಹೋದದ್ದನ್ನು ನಾನೇ ನೋಡಿದೆ.”

ಅಷ್ಟೇ. ಉಳಿದದ್ದನ್ನು ಸರ್ ತಾವೇ ಕಟ್ಟಿಕೊಂಡರು, ಹುಡುಗರು ಕಟ್ಟಿಕೊಂಡರು. ಅರ್ಧ ಆಟ ಮುಗಿದು ನಾವು ನೀರು ಕುಡಿಯುತ್ತಿದ್ದಾಗ ಹಮೀದ್ ಓಡುತ್ತ ಬಂದ. ಬ್ಯಾಗಿನಿಂದ ಬೂಟು ತೆಗೆಯುತ್ತಲೇ ಬಂದಿದ್ದ. ಸರ್ ಅವನನ್ನು ಎಲ್ಲರ ಎದುರು ತಡೆದರು. “ಎಷ್ಟು ಕೊಟ್ರು ನಿನಗೆ?” ಎಂದರು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ನನ್ನ ಕಡೆ ನೋಡಿದ. ನಾನು ಬಗ್ಗಿ ಬೂಟಿನ ಲೇಸು ಕಟ್ಟುತ್ತಿದ್ದೆ — ಕಟ್ಟಿದ್ದನ್ನೇ ಬಿಚ್ಚಿ ಮತ್ತೆ ಕಟ್ಟುತ್ತಿದ್ದೆ. ತಲೆಯೆತ್ತಿದಾಗ ಅವನು ಗೇಟಿನ ಹತ್ತಿರ ಹೋಗಿಯಾಗಿತ್ತು. ಆ ಆಟದಲ್ಲಿ ಗೆದ್ದೆವು. ಜನ ನನ್ನ ಹೆಸರು ಕೂಗಿದರು. ಸುಳ್ಳಾಡುವುದಿಲ್ಲ, ಆ ಕ್ಷಣ ನನಗೆ ತುಂಬ ಸಂತೋಷವಾಗಿತ್ತು.

ಹಮೀದ್ ಮತ್ತೆ ಕಾಲೇಜಿಗೆ ಬರಲಿಲ್ಲ. ನನ್ನ ಮದುವೆಗೆ ಬಂದಿದ್ದ ಸರ್ ನನ್ನನ್ನು ಬದಿಗೆ ಕರೆದು, “ಆ ಹುಡುಗ ಎಲ್ಲಿದ್ದಾನೆ ಈಗ? ಒಂದೊಂದ್ಸಲ ನೆನಪಾಗ್ತದೆ,” ಎಂದು ಕೇಳಿದರು. ಅಂದೇ ಹೇಳಬಹುದಿತ್ತು. “ಗೊತ್ತಿಲ್ಲ ಸರ್,” ಎಂದೆ. ಈಗ ಸರ್ ಇಲ್ಲ.

ಹಮೀದ್ ಕುವೈತಿನಲ್ಲೇ ಇದ್ದಾನೆ, ಜಹ್ರಾದಲ್ಲಿ ಕಾರಿನ ಬಿಡಿಭಾಗಗಳ ಅಂಗಡಿ ನೋಡಿಕೊಳ್ಳುತ್ತಾನೆ ಎಂಬುದು ನನಗೆ ಬಹಳ ವರ್ಷಗಳಿಂದ ಗೊತ್ತಿತ್ತು. ಇದು ಎಷ್ಟು ಸಣ್ಣ ದೇಶ! ಕಾರಿನಲ್ಲಿ ಕುಳಿತರೆ ಒಂದು ಗಂಟೆಯೂ ಬೇಡ. ಆದರೂ ಜಹ್ರಾ ಕಡೆಗೆ ಯಾರಾದರೂ ಕರೆದರೆ ನನಗೆ ಯಾವಾಗಲೂ ಬೇರೆ ಕೆಲಸವಿರುತ್ತಿತ್ತು.

ಈ ವರ್ಷದ ಹುಡುಗರು ಸೆಮಿಫೈನಲ್ ಗೆದ್ದ ದಿನ ಅಕ್ಷಯ್ ಒಂದು ಯೋಚನೆ ತಂದ. ‘ಅಂದು ಇಂದು’ ಎಂದು ಒಂದು ವೀಡಿಯೋ — ಹಳೆಯ ತಂಡದ ಕಥೆ, ಹೊಸ ತಂಡದ ಕಥೆ. ಫೈನಲಿಗೆ ಮೊದಲು ಹಾಕಿದರೆ ಊರಿನಲ್ಲೂ ಗಲ್ಫಿನಲ್ಲೂ ಎಲ್ಲರೂ ನೋಡುತ್ತಾರೆ.

“ಕ್ಯಾಪ್ಟನ್ ಅಂಕಲ್, ಫೈನಲಿನ ಕಥೆಯನ್ನು ನೀವೇ ಹೇಳ್ಬೇಕು.”

“ಆ ಹಮೀದನ ಕಥೆಯನ್ನೂ ಹೇಳು,” ಎಂದ ರೋನಿ. “ಬೆನ್ನಿಗೆ ಚೂರಿ ಹಾಕಿದವ ಇದ್ರೂ ಗೆದ್ದೆವು ಅಂತ ಈಗಿನವರಿಗೆ ಗೊತ್ತಾಗ್ಲಿ.”

ಅಲ್ಲಿಯವರೆಗೆ ಬೇರೆಯವರು ಹೇಳುತ್ತಿದ್ದರು, ನಾನು ಸುಮ್ಮನಿರುತ್ತಿದ್ದೆ. ಸುಮ್ಮನಿರುವುದು ಹೇಳಿದಂತಲ್ಲ ಎಂದು ನನ್ನನ್ನು ನಾನೇ ನಂಬಿಸಿದ್ದೆ. ಈಗ ನನ್ನ ಬಾಯಿಂದಲೇ, ಕ್ಯಾಮೆರಾ ನೋಡಿ... “ಮುಂದಿನ ವಾರ ಮಾಡುವ,” ಎಂದೆ. ಮರುದಿನ ಮಧ್ಯಾಹ್ನದ ನಮಾಜು ಮುಗಿದು ಅಂಗಡಿಗಳು ತೆರೆಯುವುದನ್ನು ಕಾದು ಜಹ್ರಾಕ್ಕೆ ಹೊರಟೆ.

ಅಂಗಡಿಯಲ್ಲಿ ಅವನೊಬ್ಬನೇ ಇದ್ದ. ಗಡ್ಡ ಬೆಳ್ಳಗಾಗಿತ್ತು. ನನ್ನನ್ನು ನೋಡಿದವನೇ ಗುರುತು ಹಿಡಿದ. ಆಶ್ಚರ್ಯಪಡಲಿಲ್ಲ.

“ಬಾ ಸ್ಟ್ಯಾನಿ. ಕೂತ್ಕೊ. ಚಾ ಕುಡಿತಿಯಾ?”

ನಾನು ಕುಳಿತುಕೊಳ್ಳಲಿಲ್ಲ. ಕುಳಿತರೆ ಮಾತು ಬೇರೆ ಕಡೆ ಹೋಗುತ್ತದೆಂದು ತಿಳಿದಿತ್ತು. “ಹಮೀದ್, ಅವತ್ತು ಸರ್‌ಗೆ ನಾನು ಹೇಳ್ಲಿಲ್ಲ. ನೀನು ಬರುದಿಲ್ಲ ಅಂದೆ. ಬೈಕಿನ ವಿಷಯ ಹೇಳಿದ್ದೂ ನಾನೇ.”

“ಗೊತ್ತುಂಟು,” ಎಂದ. “ನಾನು ಹೇಳಿದ್ದು ನಿನಗೊಬ್ಬನಿಗೇ ಅಲ್ವಾ?”

ಇಷ್ಟು ವರ್ಷ ಇದು ನನಗೆ ಹೊಳೆದೇ ಇರಲಿಲ್ಲ. ಗುಟ್ಟು ನನ್ನೊಬ್ಬನ ಬಳಿ ಇದೆ ಎಂದುಕೊಂಡಿದ್ದೆ. ಅದು ಮೊದಲ ದಿನದಿಂದಲೂ ಅವನ ಬಳಿಯೂ ಇತ್ತು.

“ಮತ್ತೆ ಯಾಕೆ ಯಾರಿಗೂ ಹೇಳ್ಲಿಲ್ಲ?”

“ಯಾರಿಗೆ? ನೀನು ಕ್ಯಾಪ್ಟನ್, ಕಪ್ಪು ತಂದವ. ನಾನು ಹೇಳಿದ್ರೆ ಹೊಟ್ಟೆಕಿಚ್ಚು ಅಂತಿದ್ರು.” ಅವನು ಕೌಂಟರಿನ ಮೇಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಸರಿಯಾಗಿ ಜೋಡಿಸಿದ. “ನನಗೆ ಅದೆಲ್ಲ ಮುಗೀತು ಸ್ಟ್ಯಾನಿ. ಆದ್ರೆ ಉಮ್ಮ. ಆಪರೇಷನ್ ಚೆನ್ನಾಗಿಯೇ ಆಯ್ತು, ತುಂಬ ವರ್ಷ ಬದುಕಿದ್ರು. ನನ್ನ ಕಾಯಿಲೆಯಿಂದ ಮಗನ ಆಟ ಹೋಯ್ತು ಅಂತ ಸಾಯುವವರೆಗೂ ಹೇಳ್ತಿದ್ರು. ಅಲ್ಲ ಉಮ್ಮ ಅಂದ್ರೆ ನಂಬ್ತಿರ್ಲಿಲ್ಲ.”

ಸುಳ್ಳು ಯಾರ ಯಾರ ಮನೆಯೊಳಗೆ ಹೋಗಿ ಕುಳಿತಿತ್ತೆಂದು ಅದನ್ನು ಆಡಿದವನಿಗೇ ತಿಳಿದಿರಲಿಲ್ಲ. ಆಸ್ಪತ್ರೆಯ ಮಂಚದಿಂದ ಎದ್ದು ಬಂದ ಒಬ್ಬ ತಾಯಿ ನನ್ನ ತಪ್ಪನ್ನು ತನ್ನದೆಂದು ಹೊತ್ತುಕೊಂಡಳು — ಅವಳ ಮುಖವನ್ನು ಕೂಡ ನಾನು ಸರಿಯಾಗಿ ನೋಡಿದವನಲ್ಲ. “ಕ್ಷಮಿಸು” ಎಂದೆ. ಅದು ನನ್ನ ಕಿವಿಗೇ ಹಗುರವಾಗಿ ಕೇಳಿಸಿತು.

ಗಿರಾಕಿಯೊಬ್ಬ ಬಂದ. ಹಮೀದ್ ಅವನೊಡನೆ ಅರಬಿಯಲ್ಲಿ ಮಾತಾಡಿ, ಬೇಕಾದದ್ದನ್ನು ಕೊಟ್ಟು ಕಳಿಸಿ, ನನ್ನ ಕಡೆ ತಿರುಗಿದ.

“ನನಗೆ ಹೇಳಿ ಎಂತ ಪ್ರಯೋಜನ? ನನಗೆ ಗೊತ್ತಿತ್ತು. ಗೊತ್ತಿಲ್ಲದವರಿಗೆ ಹೇಳು.”

ನನ್ನ ಫೋನ್ ನಂಬರು ಬರೆದು ಕೌಂಟರಿನ ಮೇಲಿಟ್ಟು ಹೊರಟೆ. ಅಂದು ಸಂಜೆಯೇ ಲವೀನಾಗೂ ರಿಯಾಗೂ ಹೇಳಿದೆ. ಲವೀನಾ ಒಲೆ ಆರಿಸಿ ಬಂದು, ಎದುರು ಕುಳಿತು ಕೊನೆಯವರೆಗೂ ಕೇಳಿದಳು. ಅಪ್ಪನ ಗೋಲಿನ ಕಥೆಯನ್ನು ಚಿಕ್ಕಂದಿನಿಂದ ಕೇಳಿ ಬೆಳೆದ ರಿಯಾ, “ಡ್ಯಾಡ್, ದೆನ್ ಯು ಲೈಡ್ ಟು ಮಿ ಟೂ,” ಎಂದು ತನ್ನ ಕೋಣೆಗೆ ಹೋದಳು. ಹೌದು, ಅವಳಿಗೂ ಸುಳ್ಳು ಹೇಳಿದ್ದೆ.

ಮುಂದಿನ ವಾರ ಅಕ್ಷಯ್ ಮೊಬೈಲ್ ಹಿಡಿದು ಬಂದಾಗ ರೋನಿಯೂ ಜೊತೆಗಿದ್ದ. ನಾನು ಸೋಫಾದಲ್ಲಿ ನೆಟ್ಟಗೆ ಕುಳಿತು, ಹೆಸರು ಹೇಳಿ, ಹಾಸ್ಟೆಲಿನ ಮೆಟ್ಟಿಲಿನಿಂದ ಶುರು ಮಾಡಿದೆ. ಹಮೀದ್ ತಂಡಕ್ಕೆ ಮೋಸ ಮಾಡಲಿಲ್ಲ, ಹಮೀದನಿಗೆ ಮೋಸ ಮಾಡಿದ್ದು ಕ್ಯಾಪ್ಟನ್, ಆ ಕ್ಯಾಪ್ಟನ್ ನಾನು ಎಂದೆ.

ಅಕ್ಷಯ್ ಮೊಬೈಲ್ ಕೆಳಗಿಳಿಸಿದ. “ಅಂಕಲ್... ಇದನ್ನು ಡಿಲೀಟ್ ಮಾಡ್ಲಾ?”

“ಬೇಡ. ಒಂದು ಮಾತೂ ಕಟ್ ಮಾಡ್ಬೇಡ. ಹಾಗೇ ಹಾಕು.”

ರೋನಿ ಎದ್ದು ನಿಂತ. “ಇಷ್ಟು ವರ್ಷ ಅವನನ್ನು ಕಳ್ಳ ಅಂತ ಊರಿಡೀ ಹೇಳ್ಕೊಂಡು ತಿರುಗಿದವ ನಾನು. ನನ್ನ ಬಾಯಲ್ಲಿ ಅದನ್ನು ಹೇಳಿಸಿದವ ನೀನು,” ಎಂದ. ಲವೀನಾ ಊಟಕ್ಕೆ ಕರೆದರೂ ನಿಲ್ಲಲಿಲ್ಲ.

ವೀಡಿಯೋ ಹೋಯಿತು. ಬೈದವರು ಬೈದರು, ಅದು ನ್ಯಾಯವೇ. ಕೆಲವರು ನನ್ನ ಧೈರ್ಯವನ್ನು ಹೊಗಳಿದರು — ಆ ಹೊಗಳಿಕೆ ಓದುವಾಗ ಮಾತ್ರ ನಾಚಿಕೆಯಾಯಿತು. ಹಮೀದನ ಹೆಸರಿನ ಮುಂದೆ ಬರಬೇಕಾದ ಒಳ್ಳೆಯ ಮಾತು ಮತ್ತೆ ನನ್ನ ಹೆಸರಿನ ಮುಂದೆ ಬಂದು ಕುಳಿತಿತ್ತು. ಹಾಗೆಂದು ವೀಡಿಯೋದ ಕೆಳಗೇ ಬರೆದೆ.

ಫೈನಲಿನ ದಿನ ಎಲ್ಲರೂ ಮೈದಾನ್ ಹವಲ್ಲಿ ಬಡಾವಣೆಯ ರೋನಿಯ ಮನೆಯಲ್ಲಿ ಸೇರಿದರು. ನನ್ನನ್ನು ಕರೆಯಲಿಲ್ಲ. ನಾನು, ಲವೀನಾ ನಮ್ಮ ಮನೆಯಲ್ಲೇ ನೋಡಿದೆವು. ದ್ವಿತೀಯಾರ್ಧದಲ್ಲಿ ರಿಯಾ ಕೂಡ ಬಂದು ಪಕ್ಕದಲ್ಲಿ ಕುಳಿತಳು. ನಮ್ಮ ಹುಡುಗರು ಚೆನ್ನಾಗಿ ಆಡಿ ಗೆದ್ದರು, ಯಾರ ಋಣವೂ ಇಲ್ಲದೆ ಗೆದ್ದರು. ಯಾರು ದೊಡ್ಡವರು ಎಂಬ ವಾದ ನನ್ನ ಮಟ್ಟಿಗೆ ಅಲ್ಲಿಗೆ ಮುಗಿಯಿತು.

ಬಹುಮಾನ ಕೊಡುತ್ತಿದ್ದಾಗ ಫೋನ್ ಬಂತು. ಹಮೀದ್.

“ಮ್ಯಾಚ್ ನೋಡಿದಿಯಾ? ಆ ಲೆಫ್ಟಿನ ಹುಡುಗ ಒಳ್ಳೆ ಆಡ್ತಾನೆ. ಒಂದು ಹೆಜ್ಜೆ ಜಾಸ್ತಿ ಹಿಡಿತಾನೆ ಚೆಂಡನ್ನು. ಅದು ಸರಿಯಾದ್ರೆ ದೊಡ್ಡ ಆಟಗಾರ ಆಗ್ತಾನೆ.” ವೀಡಿಯೋದ ಬಗ್ಗೆ ಏನೂ ಹೇಳಲಿಲ್ಲ. ಆಮೇಲೆ ಕೇಳಿದ, “ಸ್ಟ್ಯಾನಿ, ಅವತ್ತು ಆ ಗೋಲು ಹೇಗೆ ಆಯ್ತು ಮಾರಾಯ? ನಾನು ನೋಡ್ಲೇ ಇಲ್ಲ. ಹೊರಗೆ ಬಸ್ಸಿಗೆ ಕಾಯ್ತಾ ಇದ್ದೆ. ಬೊಬ್ಬೆ ಕೇಳಿತು ಅಷ್ಟೇ.”

ಇದ್ದದ್ದನ್ನು ಇದ್ದಂತೆ ಹೇಳಿದೆ. ಬಲಗಡೆಯಿಂದ ಬಂದ ಚೆಂಡು, ಅವರ ಡಿಫೆಂಡರ್ ಒಬ್ಬ ತಡೆಯಲು ಹೋದ, ಅದು ನನ್ನ ಮೊಣಕಾಲಿಗೆ ಬಡಿದು ಒಳಗೆ ಹೋಯಿತು. ನಾನು ಒದ್ದದ್ದೇ ಅಲ್ಲ.

“ನೀನು ಆಡಿದ್ರೆ ಅರ್ಧ ಆಟದೊಳಗೇ ಮುಗೀತಿತ್ತು,” ಎಂದೆ.

“ಹೌದು,” ಎಂದ ಹಮೀದ್. “ಮುಗೀತಿತ್ತು.”

ಗಿರಾಕಿ ಬಂದರೆಂದು ಫೋನ್ ಇಟ್ಟ. ಮತ್ತೆ ಬಾ ಎನ್ನಲಿಲ್ಲ. ಬರಲೇ ಎಂದು ನಾನೂ ಕೇಳಲಿಲ್ಲ.